ಮುಚ್ಚಳ ಹಾಕಿದ ಫೋಟೋ

ಪುಣೆಯಲ್ಲಿ ಧ್ರುವ ನಕ್ಷತ್ರ ನಮ್ಮ ಬಿ ವಿಂಗಿನ ನೀರಿನ ಟ್ಯಾಂಕಿನ ಹಿಂದೆ ಇರುತ್ತದೆ. ಊರಿನ ಅಕ್ಷಾಂಶ ಸುಮಾರು 18.5 ಡಿಗ್ರಿ. ಧ್ರುವನೂ ಉತ್ತರದಲ್ಲಿ ಹೆಚ್ಚುಕಮ್ಮಿ ಅಷ್ಟೇ ಮೇಲೆ. ಅಷ್ಟು ಕೆಳಗೆ ಕೂತರೆ ಕೊಥ್ರೂಡಿನಲ್ಲಿ ಯಾರಿಗೆ ಕಾಣಿಸೀತು ಹೇಳಿ? ಟೆರೇಸಿನ ಒಂದೇ ಒಂದು ಮೂಲೆಯಿಂದ, ಯಾರೋ ಒಣಹಾಕಿದ ಬೆಡ್‌ಶೀಟ್ ಸರಿಸಿದರೆ, ಟ್ಯಾಂಕಿಗೂ ಡಿಶ್ ಆಂಟೆನಾಗೂ ನಡುವೆ ಸಿಗುತ್ತಾನೆ. ಅಲ್ಲಿ ನನ್ನ ಟೆಲಿಸ್ಕೋಪಿನ ಟ್ರೈಪಾಡಿನ ಕಾಲುಗಳಿಗೆಂದು ಚಾಕ್‌ಪೀಸಿನಲ್ಲಿ ಮೂರು ಗುರುತು ಹಾಕಿಟ್ಟಿದ್ದೇನೆ.

ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಅದರ ಬೆನ್ನು ಹತ್ತುವ ಮೋಟಾರಿಗೆ, ಆಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಅಂತ ಮೊದಲು ತೋರಿಸಬೇಕು. ಧ್ರುವ ಇರುವುದು ಅದರ ಪಕ್ಕದಲ್ಲಿ. ಪಕ್ಕದಲ್ಲಷ್ಟೇ, ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ದೂರ. ಅಚಲ ಪದವಿ ಪಡೆದವನೂ ದಿನಕ್ಕೊಂದು ಸಣ್ಣ ಸುತ್ತು ಹೊಡೆಯುತ್ತಾನೆ.

ನನ್ನದು 80 ಮಿಲಿಮೀಟರಿನ ಪುಟ್ಟ ಟೆಲಿಸ್ಕೋಪು, ಹಿಂದೊಂದು ಹಳೇ ಕ್ಯಾಮೆರಾ. ಜನವರಿ ಬಂದರೆ ಗುರಿ ಓರಿಯನ್ ನೆಬ್ಯುಲಾ ಎಂಬ ಅನಿಲ, ಧೂಳಿನ ಮೋಡ. ಮಳೆ ಲೆಕ್ಕದ ಆರಿದ್ರಾ ಇದೆಯಲ್ಲ, ಆ ಕೆಂಪು ಚುಕ್ಕಿಯ ಗುಂಪಿನಲ್ಲೇ, ಸಾಲಾಗಿ ನಿಂತ ಮೂರು ಚುಕ್ಕಿಗಳ ಕೆಳಗೆ.

ಧಾರವಾಡದಿಂದ ಅವ್ವ ಬಂದಿದ್ದಳು. ಕ್ಯಾಮೆರಾ ಜೋಡಿಸುವ ಮೊದಲು ಅವಳಿಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದಳು.

"ವಿಭೂತಿ ಕೈ ಒರಸಿದಂಗ ಐತಲ್ಲೋ."

ಅದೂ ನಿಜವೇ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಕ್ಯಾಮೆರಾ ಮಾತ್ರ ಕೂಡಿಡುತ್ತಾ ಹೋಗುತ್ತದೆ. ನಮ್ಮ ಟೆರೇಸಿನಲ್ಲಿ 20 ಸೆಕೆಂಡು ಮೀರಿದರೆ ಬೀದಿದೀಪವೇ ಚಿತ್ರದ ತುಂಬ ಹರಡಿಕೊಳ್ಳುತ್ತದೆ. ಬಾದಾಮಿಯಲ್ಲಿ ಚಾಲುಕ್ಯರಿದ್ದಾಗ, ಸುಮಾರು 1,300 ವರ್ಷದ ಹಿಂದೆ, ಆ ನೆಬ್ಯುಲಾದಿಂದ ಹೊರಟ ಬೆಳಕನ್ನು ಪಾರ್ಕಿಂಗಿನ ಒಂದು ಎಲ್‌ಇಡಿ ನುಂಗಿಬಿಟ್ಟರೆ ಸಿಟ್ಟು ಬರಲ್ವಾ? ಅದಕ್ಕೇ 20 ಸೆಕೆಂಡಿನ 180 ಫೋಟೋ. ಒಟ್ಟು ಒಂದು ಗಂಟೆಯ ಬೆಳಕು. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಮರಳು ಎರಚಿದಂಥ ಚುಕ್ಕಿಗಳು ಕಮ್ಮಿಯಾಗುತ್ತವೆ. ಆದರೆ ಜಿಪುಣ ಲೆಕ್ಕ ಇದು: ಫೋಟೋ ನಾಲ್ಕು ಪಟ್ಟಾದರೆ ಮರಳು ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ.

ಕೊನೆಗೆ ಟೆಲಿಸ್ಕೋಪಿಗೆ ಮುಚ್ಚಳ ಹಾಕಿ ಮತ್ತೆ ಕ್ಲಿಕ್ಕಿಸತೊಡಗಿದೆ. ಅವ್ವ ಶಾಲಿನೊಳಗಿಂದ ತಲೆ ಹೊರಹಾಕಿದಳು.

"ಮುಚ್ಚಳ ಹಾಕಿ ಏನ್ ಫೋಟೋ ತಗೀತೀಯೋ?"

ಬರೀ ಕತ್ತಲಿನ ಫೋಟೋ ತೆಗೆದರೂ ಕ್ಯಾಮೆರಾ ತನ್ನದೇ ಒಂದಿಷ್ಟು ಚುಕ್ಕಿ ಸೇರಿಸುತ್ತದೆ, ಅದನ್ನು ಬೇರೆ ಹಿಡಿದು ಆಮೇಲೆ ಕಳೆಯಬೇಕು ಎಂದೆ. ಹೇಳಿದ್ದು ನನಗೇ ಸರಿಹೋಗಲಿಲ್ಲ.

"ಹಂಗಂದ್ರ ಖಾಲಿ ಡಬ್ಬಿ ತೂಕ," ಎಂದಳು ಅವ್ವ. "ತುಪ್ಪ ತೂಗೂ ಮುಂದ ಡಬ್ಬಿದು ಕಳೀತೀವಲ್ಲ."

ಇದನ್ನು ಅರ್ಥಮಾಡಿಕೊಳ್ಳಲು ನಾನು ಎರಡು ವಾರ ವೀಡಿಯೋ ನೋಡಿದ್ದೆ!

ಬೆಳಿಗ್ಗೆ ಚಿತ್ರ ತೋರಿಸಿದೆ. ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಗುಲಾಬಿ ಮೋಡ.

"ಬಣ್ಣ ನೀ ಹಚ್ಚೀಯೇನು?"

"ಇಲ್ಲವ್ವಾ, ಅದು ಹೈಡ್ರೋಜನ್ನಿನ ಬಣ್ಣ. ನಾನು ಸ್ವಲ್ಪ ಎದ್ದು ಕಾಣೋ ಹಾಗೆ ಮಾಡಿದ್ದೇನೆ ಅಷ್ಟೇ."

"ಅಂದ್ರ ಹಚ್ಚೀದಿ," ಎಂದು ಒಳಗೆ ಹೋದಳು.

ಸಂಜೆ ಆಫೀಸಿನಿಂದ ಬಂದಾಗ ಬಾಗಿಲಲ್ಲೇ ಟೆರೇಸಿನ ಕೀಲಿ ಕೈಗಿಟ್ಟಳು. ಸೋಫಾದ ಮೇಲೆ ಯಾರದೋ ಮನೆಯ ಬೆಡ್‌ಶೀಟು, ಮಡಚಿಟ್ಟಿತ್ತು.