ಯಾವ ಮೇಳದ ಆಟ?

ಮೊನ್ನೆ ಮಧ್ಯಾಹ್ನ ಊಟ ಮುಗ್ಸಿ, ಕವಳ ಹಾಕಿ, ಜಗಲಿ ಮೇಲೆ ಇನ್ನೇನು ಅಡ್ಡಾಗ್ಬೇಕು, ಅಷ್ಟೊತ್ತಿಗೆ ಮೈಕು ಕಟ್ಟಿದ ಆಟೋ ಬಂತು. "ಸಾರ್ವಜನಿಕರ ಗಮನಕ್ಕೆ" ಅಂದಿದ್ದು ಸರಿಯಾಗೇ ಕೇಳ್ತು, ಆಮೇಲೆ ತಿರುವಿನಲ್ಲಿ ದನಿ ಅಡಿಕೆ ತೋಟದೊಳಗೆ ಹೊಕ್ಕಿದ್ದು ಏರು ಬಂದ್ಮೇಲೆ "ಹೆಚ್ಚಲಿರುವ ಜನಸಂಖ್ಯೆಗೆ ಅನುಗುಣವಾಗಿ" ಅಂತ ಹೊರಗೆ ಬಂತು, ಉಳಿದದ್ದನ್ನ ನಾಯಿ ಬೊಗಳಿ ಮುಗಿಸ್ತು. ಒಳಗಿಂದ ಅತ್ತೆ ಕೇಳಿದ್ಳು, "ಯಾವ ಮೇಳದ ಆಟನಡ ತಮಾ?"

ಅತ್ತೇದು ತಪ್ಪಲ್ಲ. ಶಿರಸಿ ಕಡೆ ಮೈಕು ಕಟ್ಕೊಂಡು ಗಾಡಿ ಬಂತು ಅಂದ್ರೆ ಅದು ಆಟಕ್ಕೇ, ಅಂದ್ರೆ ಯಕ್ಷಗಾನಕ್ಕೇ. ಟೆಂಟ್ ಮೇಳದ ಕಾಲದಲ್ಲಿ ಜೀಪು ಬರ್ತಿತ್ತು, ಅದರಲ್ಲಿ ಕೂತವನು ಭಾಗವತರಿಂದ ಹಿಡಿದು ಸ್ತ್ರೀವೇಷದವರ ತನಕ ಒಂದೇ ಉಸಿರಲ್ಲಿ ಹೆಸರು ಹೇಳ್ತಿದ್ದ, ಹಾಸ್ಯಗಾರರ ಹೆಸರಿಗೆ ಮಾತ್ರ ಸ್ವಲ್ಪ ತಡೆದು ಎಳೀತಿದ್ದ. ಹಿಂದಿಂದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲು ಹಾರಿಸೋರು. ಐದನೇ ಕ್ಲಾಸಿನಲ್ಲಿದ್ದಾಗ ಒಂದ್ಸಲ ನನ್ನನ್ನೇ ಹತ್ತಿಸ್ಕೊಂಡು, ಕುಮಟಾ ರಸ್ತೆ ಉದ್ದಕ್ಕೂ ಎಸೀತಾ ಹೋಗು ಅಂತ ಕಟ್ಟು ಕೈಗೆ ಕೊಟ್ರು. ನಾನು ಜಿಪುಣ, ಮನೆಗೊಂದರ ಹಾಗೆ ಎಸ್ದೆ. ದೇವಿಮನೆ ಘಟ್ಟ ಬಂದ್ರೂ ಅರ್ಧ ಕಟ್ಟು ಹಾಗೇ ಇತ್ತು, ಬೈತಾರೆ ಅಂತ ಹೆದರಿ ಅಷ್ಟನ್ನೂ ಒಂದೇ ತಿರುವಿನಲ್ಲಿ ಸುರಿದ್ಬಿಟ್ಟೆ. ಅಲ್ಲಿದ್ದಿದ್ದು ಹದಿನೈದಿಪ್ಪತ್ತು ಮಂಗ. ಒಂದು ಮಂಗ ಹ್ಯಾಂಡ್‌ಬಿಲ್ಲು ಬಿಡಿಸಿ ಹಿಡಿದು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ, ತಲೆಕೆಳಗೆ ಹಿಡಿದಿತ್ತು, ಆದ್ರೂ ಓದೋ ಗಾಂಭೀರ್ಯ ಇತ್ತು. ಮನೆಗೆ ಬಂದ್ಮೇಲೆ ಬಿದ್ದ ಪೆಟ್ಟಿನ ಸುದ್ದಿ ಈಗ ಬೇಡ.

ಆಟೋದ್ದು ಆಟ ಅಲ್ಲ, ಮಾಸ್ಟರ್ ಪ್ಲಾನಂತೆ, ಊರು ಮುಂದೆ ಹೇಗೆ ಬೆಳೀಬೇಕು ಅಂತ ಮಾಡೋ ಯೋಜನೆ. ಪೇಪರಿನಲ್ಲೂ ಪ್ರಕಟಣೆ ಬಂದಿತ್ತು, ಸಾಸಿವೆ ಗಾತ್ರದ ಅಕ್ಷರ, ನಕ್ಷೆ ಆಫೀಸಿನಲ್ಲಿದೆ ಬಂದು ನೋಡಿ ಅಂತ. ಬಸ್ಸು ಹತ್ತಿ ಹೋದೆ ಮಾರಾಯ್ರೆ. ಕಪಾಟಿನ ಕೀಲಿ ಇದ್ದವರು ರಜೆ. ಮನೆಮನೆಗೆ ಬಂದು ಕೂಗೋಕೆ ಜನ ಇದ್ದಾರೆ, ಕಪಾಟು ತೆಗೆಯೋಕೆ ಇಲ್ಲ, ಇದಕ್ಕೆಂತ ಹೇಳೋದು?

ಜನ ಹೆಚ್ತಾರೆ ಅನ್ನೋದೂ ನಂಗೆ ಅಷ್ಟಕ್ಕಷ್ಟೇ. 2011ರ ಜನಗಣತಿ ಪ್ರಕಾರ ಉತ್ತರ ಕನ್ನಡದಲ್ಲಿ 14,37,169 ಜನ, ಹತ್ತು ವರ್ಷದಲ್ಲಿ ಹೆಚ್ಚಿದ್ದು ಶೇ. 6ರ ಆಸುಪಾಸು, ಆಗ ಇಡೀ ರಾಜ್ಯದ್ದು ಶೇ. 15.6. 2021ರ ಗಣತಿ ಆ ವರ್ಷ ಆಗ್ಲೇ ಇಲ್ಲ. ಪೇಟೆ ಬೆಳೀಬಹುದು ಬಿಡಿ, ನಮ್ಮ ಕೇರೀಲಿ ಒಂಬತ್ತು ಮನೆ, ಹುಡುಗ್ರೆಲ್ಲ ಬೆಂಗಳೂರಲ್ಲಿ, ಅತ್ತೆಗೆ ಪಗಡೆ ಆಡೋಕೆ ನಾಲ್ಕನೇ ಕೈ ಸಿಗೋದೇ ಚೌತಿಗೆ.

ಮಾರನೇ ದಿನ ಅದೇ ಹೊತ್ತಿಗೆ ಆಟೋ ಮತ್ತೆ ಬಂತು. ಈ ಸಲ ಅರ್ಧದಲ್ಲೆಲ್ಲೂ ನಿಲ್ಲಿಸ್ಲಿಲ್ಲ, ರಸ್ತೆ ಮುಗಿಯೋ ಕೊನೇ ಮನೆ ಅಂಗಳದಲ್ಲಿ ತಿರುಗಿಸೋಕೆ ಒದ್ದಾಡ್ತಾ, ಆಕ್ಷೇಪಣೆ, ಸಲಹೆ, ಕೊನೇ ದಿನಾಂಕ ಅಂತ ಪೂರ್ತಿ ಎರಡು ಸಲ ಹೇಳಿದ. ಆ ಮನೆಗೆ ಬೀಗ ಹಾಕಿ ಮೂರು ವರ್ಷ ಆಯ್ತು.