ಕರಿ ಗುಡ್ಡ, ಬಿಳಿ ಪ್ಯಾಂಟು

ಸಂಡೂರನ್ನು ನೋಡುವುದಾದರೆ ಸೆಪ್ಟೆಂಬರಿನಲ್ಲಿ ನೋಡಬೇಕು. ಇದು ನನ್ನ ಮಾತಲ್ಲ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ ಹೇಳಿದ್ದು ಅಂತ ನಮ್ಮ ಬಳ್ಳಾರಿ ಕಡೆ ಎಲ್ಲರೂ ಹೇಳುತ್ತಾರೆ. ಆಗ ಮಳೆ ಬಿದ್ದು ಗುಡ್ಡಗಳೆಲ್ಲ ಹಸಿರಾಗಿರುತ್ತವೆ, ಮೋಡ ತಲೆಯ ಮೇಲೇ ಓಡಾಡುತ್ತಿರುತ್ತದೆ. ಆದರೆ ನಮ್ಮ ಭಾವ ಯಾರ ಮಾತನ್ನೂ ಸುಮ್ನೆ ಒಪ್ಪುವವರಲ್ಲ. ಅವರು ಆರಿಸಿದ್ದು ಫೆಬ್ರವರಿ ಕೊನೆಯನ್ನು.

ಅದಕ್ಕೆ ಅವರ ಹತ್ತಿರ ಕಾರಣವೂ ಇತ್ತು. "ಮಳೆಗಾಲದಾಗ ಹುಲ್ಲು ಎದೆಮಟ್ಟ ಬೆಳೆದಿರ್ತದೆ. ದಾರಿ ಕಾಣಲ್ಲ, ಹಾವು ಕಾಣಲ್ಲ. ಈಗ ಹೋದ್ರೆ ಎಲ್ಲಾ ಕಾಣ್ತದೆ ನೋಡು."

ಎಲ್ಲಾ ಕಂಡಿತು, ನಿಜ. ಯಾಕಂದರೆ ನಾವು ಹೋಗುವ ಸ್ವಲ್ಪ ದಿನ ಮೊದಲು ಆ ಗುಡ್ಡದ ಸಾಲಿಗೆ ಬೆಂಕಿ ಬಿದ್ದಿತ್ತು. ಮರೆಮಾಡುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ.

ಬಳ್ಳಾರಿಯ ಚಳಿಗಾಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುವುದು ಬೇರೆ ಜಿಲ್ಲೆಗಳ ಗಾದೆ. ನಮ್ಮಲ್ಲಿ ಅದು ಸಂಕ್ರಾಂತಿಗೇ ಗಂಟುಮೂಟೆ ಕಟ್ಟಿ ಕೂತಿರುತ್ತದೆ. ಆದರೂ ಕ್ಯಾಲೆಂಡರಿನಲ್ಲಿ ಚಳಿಗಾಲ ಇರುವ ತನಕ ನಮ್ಮ ಅಕ್ಕನ ಮನೆಯಲ್ಲಿ ಸ್ವೆಟರ್ ಕಡ್ಡಾಯ. ಬೆಳಿಗ್ಗೆ ಐದಕ್ಕೆ ಹೊರಟಾಗ ಎಲ್ಲರ ಮೈಮೇಲೂ ಸ್ವೆಟರ್, ಅಕ್ಕನ ಮಗಳಿಗೆ ಮಂಕಿ ಕ್ಯಾಪ್. ಎಂಟು ಗಂಟೆಗೆಲ್ಲ ಆ ಸ್ವೆಟರುಗಳು ಸೊಂಟಕ್ಕೆ ಬಂದವು. ಒಂಬತ್ತಕ್ಕೆ ಎಲ್ಲವೂ ನನ್ನ ಚೀಲಕ್ಕೆ ಬಂದವು. ಮನೆಯಲ್ಲಿ ಮಾಮ ಅಂತ ಒಬ್ಬ ಇರುವುದು ಇಂಥದ್ದಕ್ಕೇ ಅಲ್ವಾ.

ಇನ್ನು ಭಾವನ ಪ್ಯಾಂಟಿನ ವಿಷಯ. ಜೀನ್ಸ್ ಹೊಲಿಯುವುದಕ್ಕೆ ದೇಶಕ್ಕೆಲ್ಲ ಹೆಸರಾದ ಊರು ನಮ್ಮದು. ಗುಡ್ಡ ಹತ್ತುವುದಕ್ಕೆ ಅದಕ್ಕಿಂತ ಗಟ್ಟಿ ಬಟ್ಟೆ ಬೇಕಾ? ಭಾವ ಮಾತ್ರ ಬಿಳಿ ಪ್ಯಾಂಟಿನಲ್ಲಿ ಬಂದಿದ್ದರು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ ಅನ್ನುವುದು ಅವರ ವಿಜ್ಞಾನ. ವಿಜ್ಞಾನ ಸರಿಯಾಗಿಯೇ ಇದೆ. ಮಸಿಯ ಬಗ್ಗೆ ಆ ವಿಜ್ಞಾನ ಏನೂ ಹೇಳುವುದಿಲ್ಲ, ಅಷ್ಟೇ.

ಅನುಮತಿ ಪತ್ರ ಮೊದಲೇ ಮಾಡಿಸಿಕೊಂಡಿದ್ದೆವು. ಕುಮಾರಸ್ವಾಮಿ ಗುಡಿಯ ಕಡೆ ಹೋಗುವ ರಸ್ತೆಯ ಪಕ್ಕ ಕಾರು ನಿಲ್ಲಿಸಿ ಹತ್ತಲು ಶುರು ಮಾಡಿದೆವು. ಮೇಲೆ ನೆತ್ತಿಯ ಸಾಲಿಗೆ ಮುಟ್ಟಿದಾಗ ನಮಗೆ ಮಾತೇ ಹೊರಡಲಿಲ್ಲ. ಒಂದು ಕಡೆ ಕೆಳಗೆ ನಾರಿಹಳ್ಳದ ನೀರು ಹೊಳೆಯುತ್ತಿತ್ತು. ಇನ್ನೊಂದು ಕಡೆ ದೂರದಲ್ಲಿ ಗಣಿಯವರು ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಗುಡ್ಡ. ನಡುವೆ ನಾವು ನಿಂತ ನೆಲ ಪೂರ್ತಿ ಕಪ್ಪು. ಕಲ್ಲು ಕಪ್ಪು, ಬೊಡ್ಡೆ ಕಪ್ಪು, ಕಾಲಿಟ್ಟಲ್ಲೆಲ್ಲ ಬೂದಿ ಪುಸ್ ಅಂತ ಏಳುತ್ತಿತ್ತು. ಹುತ್ತಗಳು ಮಾತ್ರ ತಮಗೇನೂ ಸಂಬಂಧವಿಲ್ಲ ಅನ್ನುವಂತೆ ನೆಟ್ಟಗೆ ನಿಂತಿದ್ದವು.

"ಒಳ್ಳೇದೇ ಆಯ್ತು. ವ್ಯೂ ಕ್ಲಿಯರ್ ಆಯ್ತು," ಅಂದರು ಭಾವ.

ಬೆಂಕಿ ಹಾದುಹೋದ ಗುಡ್ಡದಲ್ಲಿ ನಡೆಯುವಾಗ ಒಂದು ಲಾಭವಿದೆ. ಉತ್ತರಾಣಿ ಕಡ್ಡಿ ಬಟ್ಟೆಗೆ ಹತ್ತುವುದಿಲ್ಲ, ಹುಲ್ಲಿನ ಮುಳ್ಳು ಸಾಕ್ಸಿಗೆ ಚುಚ್ಚುವುದಿಲ್ಲ. ಅವೆಲ್ಲ ಸುಟ್ಟಿರುತ್ತವೆ. ಬದಲಿಗೆ ಸುಟ್ಟ ಕಡ್ಡಿಗಳಿರುತ್ತವೆ. ಎಷ್ಟೇ ಹುಷಾರಾಗಿ ಸರಿದು ಹೋದರೂ ಒಂದು ಕಡ್ಡಿ ಎಲ್ಲಿಂದಲೋ ಕೈ ಚಾಚಿ ಗೆರೆ ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ಭಾವನ ಪ್ಯಾಂಟು ಅಂಗನವಾಡಿ ಮಗು ಇದ್ದಲಿನಿಂದ ಗೀಚಿದ ಗೋಡೆಯ ಹಾಗೆ ಕಾಣತೊಡಗಿತು. ಅವರು ಒಂದು ಗೆರೆ ಒರೆಸಿದರು. ಗೆರೆ ಹೋಗಿ ಅಂಗೈಯಗಲದ ಪಟ್ಟೆ ಬಂತು. ಆ ಕೈಯಿಂದಲೇ ಹಣೆಯ ಬೆವರು ಒರೆಸಿದರು. ಮಗಳು ಫೋಟೋ ತೆಗೆದಳು. "ಪಪ್ಪಾ, ಒರೆಸ್ಬೇಡ, ಹಂಗೇ ಇರು," ಅಂದಳು.

ಸುಟ್ಟ ಗುಡ್ಡದಲ್ಲಿ ಇನ್ನೊಂದು ಮೋಸ ಇರುತ್ತದೆ. ಮರದ ಬೊಡ್ಡೆಗೆ ಬೆಂಕಿ ಹತ್ತಿದರೆ ಅದು ಬೇರಿನ ಗುಂಟ ನೆಲದೊಳಗೆ ಇಳಿದು ದಿನಗಟ್ಟಲೆ ಒಳಗೊಳಗೇ ಸುಡುತ್ತದೆ. ಬೇರು ಬೂದಿಯಾಗಿ ಅಲ್ಲಿ ಟೊಳ್ಳು ಉಳಿಯುತ್ತದೆ. ಮೇಲಿನಿಂದ ನೋಡಿದರೆ ಸಮ ನೆಲ. ಭಾವ ಇದನ್ನೇ ನಮಗೆಲ್ಲ ವಿವರಿಸುತ್ತಾ, ಹಿಂದಕ್ಕೆ ತಿರುಗಿ ಮಾತಾಡುತ್ತಾ, ಬಲಗಾಲು ಮೊಣಕಾಲ ತನಕ ಒಳಗೆ ಇಳಿಸಿದರು. ಪುಣ್ಯಕ್ಕೆ ಅದು ಆರಿ ತಣ್ಣಗಾದ ಗುಂಡಿ. ಎಳೆದು ತೆಗೆದಾಗ ಕಾಲು ಬಂತು, ಶೂ ಬಂತು, ಶೂವಿನ ಅಡಿ ಬರಲಿಲ್ಲ. ಅದನ್ನು ಕೈ ಹಾಕಿ ಹುಡುಕಿ ತೆಗೆದು, ಮಗಳ ಕೂದಲಿನ ಬ್ಯಾಂಡಿನಿಂದ ಬಿಗಿದೆವು. ಗುಲಾಬಿ ಬಣ್ಣದ ಬ್ಯಾಂಡು, ಮೇಲೊಂದು ಚಿಟ್ಟೆ. ಅಷ್ಟು ಹೊತ್ತಿಗೆ ಭಾವನ ಮೈಮೇಲೆ ಬಣ್ಣ ಅಂತ ಉಳಿದಿದ್ದು ಅದೊಂದೇ.

ಆಗಲೇ ಅಕ್ಕ ಕಿರುಚಿದ್ದು. "ಏನ್ರೀ! ಬೆಂಕಿ! ಅಲ್ಲಿ ಇನ್ನೂ ಉರೀತದೆ ನೋಡ್ರಿ!"

ಕೆಳಗಿನ ಇಳಿಜಾರಿನಲ್ಲಿ ನಿಜಕ್ಕೂ ಕೆಂಪಗೆ ಏನೋ ಧಗಧಗ ಅನ್ನುತ್ತಿತ್ತು. ಭಾವ "ಮೇಲಕ್ಕೆ ಓಡ್ರಿ!" ಅಂತ ಕೂಗಿ ತಾವೇ ಮೊದಲು ಓಡಿದರು. ಬೆಂಕಿಗೆ ಏರು ಅಂದರೆ ಬಹಳ ಇಷ್ಟ. ಅದರ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಇಟ್ಟಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದರೆ ಅದರ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮನುಷ್ಯರದ್ದು, ಅದರಲ್ಲೂ ಚಿಟ್ಟೆ ಬ್ಯಾಂಡಿನ ಶೂ ಹಾಕಿದವರದ್ದು, ಅರ್ಧಕ್ಕೆ ಇಳಿಯುತ್ತದೆ. ಇದನ್ನು ಕೂಗಿ ಹೇಳೋಣ ಅಂದರೆ ಭಾವ ಆಗಲೇ ದೂರ ಹೋಗಿದ್ದರು. ಅಲ್ಲಿ ಸುಡಲು ಇನ್ನೇನೂ ಉಳಿದಿಲ್ಲ ಅನ್ನುವುದನ್ನು ನೆನಪಿಸಿದ್ದು ಹನ್ನೆರಡು ವರ್ಷದ ಹುಡುಗಿ. ಬೆಂಕಿಯೂ ಇದ್ದಲ್ಲೇ ಇತ್ತು, ಹೊಗೆಯೂ ಇಲ್ಲ. ಅದು ಮುತ್ತುಗದ ಮರ. ಎಲೆಯೆಲ್ಲ ಉದುರಿಸಿ ಮೈತುಂಬ ಹೂ ಬಿಟ್ಟುಕೊಂಡು ನಿಂತಿತ್ತು. ಬುಡದ ದಪ್ಪ ತೊಗಟೆಗೆ ಮಸಿ ಹತ್ತಿತ್ತು, ಅಷ್ಟು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಕೊಂಬೆಯ ಮೇಲೆ ಕಾಜಾಣಗಳು ಕೂತಿದ್ದವು.

ಮುತ್ತುಗದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಊಟಕ್ಕೆ ಕೂತಾಗ ಅಕ್ಕ ತಟ್ಟೆ ಕೇಳಿದಳು. ತಟ್ಟೆ ಬೇಡ, ಭಾರ, ಗುಡ್ಡದಲ್ಲಿ ಮುತ್ತುಗದ ಎಲೆ ಬೇಕಾದಷ್ಟು ಇರುತ್ತದೆ, ಹಿಂದಿನವರು ಪತ್ರಾವಳಿಯಲ್ಲೇ ಉಣ್ಣುತ್ತಿದ್ದರು ಅಂತ ಭಾವ ತಟ್ಟೆಗಳನ್ನು ಮನೆಯಲ್ಲೇ ತೆಗೆದಿಟ್ಟು ಬಂದಿದ್ದರಂತೆ. ಎಲ್ಲರೂ ಆ ಮರವನ್ನು ನೋಡಿದೆವು. ಸಾವಿರಾರು ಹೂ. ಎಲೆ ಒಂದೂ ಇಲ್ಲ. ಫೆಬ್ರವರಿ ಆರಿಸಿದ್ದು ಯಾರು ಅಂತ ಅಕ್ಕ ಕೇಳಲಿಲ್ಲ. ಕೇಳಿದ್ದಕ್ಕಿಂತ ಜಾಸ್ತಿ ಆಯಿತು ಅದು. ಡಬ್ಬಿಯ ಸುತ್ತ ಕೂತು ಎಲ್ಲರೂ ಅದರೊಳಗೇ ಕೈ ಹಾಕಿದೆವು. ಉಗ್ಗಾಣಿ ಶುರುವಿನಲ್ಲಿ ಹಳದಿ ಇತ್ತು, ಕೈ ಹಾಕಿದಂತೆಲ್ಲ ಬೂದು ಬಣ್ಣಕ್ಕೆ ತಿರುಗಿತು. ರುಚಿ ಏನೂ ಕೆಟ್ಟಿರಲಿಲ್ಲ. ಮಿರ್ಚಿಗೆ ಮಸಿ ತಾಗಿದರೆ ಖಾರ ಸ್ವಲ್ಪ ಕಡಿಮೆಯಾಗುತ್ತದೆ ಅಂತ ನನಗೆ ಅನ್ನಿಸಿತು.

ಕೈ ತೊಳೆಯಲು ನೀರು ಸಾಲದು ಅಂತ ಚರ್ಚೆ ನಡೆಯುತ್ತಿರುವಾಗ ಅರಣ್ಯದ ವಾಚರ್ ಬಂದರು. ಬಂದವರು ಏನೂ ಮಾತಾಡಲಿಲ್ಲ. ನಮ್ಮ ಕೈ ನೋಡಿದರು, ಮುಖ ನೋಡಿದರು, ಸುಟ್ಟ ಗುಡ್ಡ ನೋಡಿದರು.

"ಕಡ್ಡಿಪೆಟ್ಟಿಗೆ ಐತೇನ್ರಿ?"

ಅಕ್ಕ ಪಾರ್ವತಿ ಗುಡಿಗೆ ಅಂತ ಕರ್ಪೂರ, ಕಡ್ಡಿಪೆಟ್ಟಿಗೆ ಇಟ್ಟುಕೊಂಡಿದ್ದಳು. ಪಾಪ, ಅವರಿಗೆ ಬೀಡಿ ಹಚ್ಚಬೇಕೇನೋ ಅಂದುಕೊಂಡು ಸಂತೋಷವಾಗಿ ತೆಗೆದು ಕೊಟ್ಟಳು. "ತಗೊಳ್ರಿ ಅಣ್ಣಾರೆ, ಇನ್ನೂ ಒಂದೈತಿ, ಇದನ್ನ ನೀವೇ ಇಟ್ಕೊಳ್ರಿ."

ಆಮೇಲೆ ಒಂದಷ್ಟು ಹೊತ್ತು ನಾವು ಯಾರು, ಯಾವ ಊರು, ಇದಕ್ಕೆ ಮೊದಲು ಯಾವಾಗ ಬಂದಿದ್ದೆವು ಅನ್ನುವ ವಿಚಾರಣೆ ನಡೆಯಿತು. ಭಾವ ಧೈರ್ಯವಾಗಿ ಜೇಬಿನಿಂದ ಅನುಮತಿ ಪತ್ರ ತೆಗೆದರು. ಅದು ಗುಂಡಿಗೆ ಇಳಿದಿದ್ದ ಕಡೆಯ ಜೇಬು. ಸಹಿ ಇದ್ದ ಜಾಗದಲ್ಲಿ ಮಸಿ ಇತ್ತು, ತಾರೀಕು ಇದ್ದ ಜಾಗದಲ್ಲೂ ಮಸಿ ಇತ್ತು, ಮೊಹರು ಮಾತ್ರ ಅರ್ಧ ಕಾಣುತ್ತಿತ್ತು. ಕೊನೆಗೆ ಫೋನಿನಲ್ಲಿದ್ದ ಫೋಟೋ ನಮ್ಮನ್ನು ಉಳಿಸಿತು. ಆ ಫೋಟೋ ತೆಗೆದಿಟ್ಟಿದ್ದವಳೂ ಆ ಹುಡುಗಿಯೇ.

ಅನುಮಾನ ಕಳೆದ ಮೇಲೆ ವಾಚರ್ ನಮ್ಮ ಜೊತೆ ಕೂತರು. ಉಳಿದಿದ್ದ ಉಗ್ಗಾಣಿ ಕೊಟ್ಟರೆ ಅದರ ಬಣ್ಣ ನೋಡಿ ಬೇಡ ಅಂದರು. ಬೇಸಿಗೆಗೆ ಮುಂಚೆಯೇ ಹುಲ್ಲು ಸವರಿ ಬೆಂಕಿ ರೇಖೆ ಮಾಡುವುದು, ಆದರೂ ಗಾಳಿ ಎದ್ದರೆ ಕಿಡಿ ಅದನ್ನು ದಾಟಿ ಹಾರುವುದು, ರಾತ್ರಿಯೆಲ್ಲ ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವುದು, ಎಲ್ಲ ಹೇಳಿದರು. "ಈ ತಿಂಗಳಾಗ ಮಳಿ ಇಲ್ಲ, ಸಿಡಿಲಿಲ್ಲ. ಬೆಂಕಿ ತಾನಾಗೇ ಹುಟ್ತದೇನ್ರಿ? ಒಬ್ಬ ಬೀಡಿ ಒಗೀತಾನ. ಇನ್ನೊಬ್ಬ ಹೊಸ ಹುಲ್ಲು ಬೇಗ ಬರ್ಲಿ ಅಂತ ಹಚ್ತಾನ." ಹೊಸ ಹುಲ್ಲು ಬರುವುದೇನೋ ನಿಜ. ಅವರು ಕೋಲಿನಿಂದ ಬೂದಿ ಸರಿಸಿ ತೋರಿಸಿದರು. ಸುಟ್ಟ ಬುಡದಲ್ಲೇ ಸೂಜಿಯಷ್ಟು ಸಣ್ಣ ಹಸಿರು ಚಿಗುರಿತ್ತು. ಹುಲ್ಲು ಬೆಳೆಯುವ ಜಾಗ ನೆಲಕ್ಕೆ ಅಂಟಿಕೊಂಡಿರುವುದರಿಂದ ಅದು ಬದುಕಿಕೊಳ್ಳುತ್ತದೆ. ಗಿಡದಲ್ಲಿ ಗೂಡು ಕಟ್ಟಿದ ಹಕ್ಕಿಗೆ, ಎಳೆ ಸಸಿಗೆ ಆ ಅನುಕೂಲ ಇಲ್ಲ. ಬೀಡಿ ಎಸೆಯುವ ಕೈಗಳಿಗೆ ಒಂದು ರಾತ್ರಿ ಆ ಸೊಪ್ಪಿನ ಕೊಂಬೆ ಕೊಟ್ಟು ಗುಡ್ಡ ಹತ್ತಿಸಬೇಕು ಅಂತ ನನಗೆ ಅನ್ನಿಸಿತು. ಭಾವನಿಗೂ ಅನ್ನಿಸಿರಬೇಕು. ಅವರು ಮೊದಲ ಸಲ ವ್ಯೂ ಬಗ್ಗೆ ಮಾತಾಡಲಿಲ್ಲ.

ಇಳಿಯುವಾಗ ವಾಚರ್ ಹತ್ತಿರದ ದಾರಿ ತೋರಿಸಿದರು. ಅದು ಅದಿರಿನ ಲಾರಿ ಓಡಾಡುವ ರಸ್ತೆಗೆ ಸೇರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಗಣಿಗಳನ್ನು ನಿಲ್ಲಿಸಿತು, ಆಮೇಲೆ ವರ್ಷಕ್ಕೆ ಇಷ್ಟೇ ಅದಿರು ಅಂತ ಮಿತಿ ಹಾಕಿತು. ಧೂಳಿಗೆ ಆ ಆದೇಶ ಇನ್ನೂ ತಲುಪಿದಂತಿಲ್ಲ. ಎರಡು ಲಾರಿ ಹಾದುಹೋಗುವಷ್ಟರಲ್ಲಿ ನಮ್ಮ ಕಪ್ಪಿನ ಮೇಲೆ ಕೆಂಪು ಕೂತಿತು. ಬೆವರು ಎರಡನ್ನೂ ಸೇರಿಸಿ ಕಲಸಿತು. ಈ ಅವತಾರದಲ್ಲಿ ಪಾರ್ವತಿ ಗುಡಿಗೆ ಬೇಡ, ತಾಯಿಯೇ ಹೆದರಿಕೊಂಡಾಳು ಅಂತ ಅಕ್ಕ ತೀರ್ಮಾನಿಸಿದಳು. ಕಾರಿನ ಸೀಟಿಗೆಲ್ಲ ಆ ಸ್ವೆಟರುಗಳನ್ನು ಹಾಸಿದೆವು. ಅವುಗಳಿಂದ ಆ ದಿನ ಆದ ಉಪಯೋಗ ಅದೊಂದೇ.

ಸಂಡೂರಿನಲ್ಲಿ ಚಹಾ ಕುಡಿಯೋಣ ಅಂತ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಗಲ್ಲಾದ ಮೇಲಿದ್ದ ಯಜಮಾನರು ಎದ್ದು ಬಂದು ನಾಲ್ಕು ಕುರ್ಚಿಗೂ ಹಳೇ ಪೇಪರ್ ಹಾಸಿದರು. ಭಾವನ ಕುರ್ಚಿಗೆ ಎರಡು ಪದರ. ಎಲ್ಲರೂ ಒಂದೇ ಬಣ್ಣದಲ್ಲಿ ಕೂತು ಬಿಸಿ ಬಿಸಿ ಚಹಾ ಕುಡಿದೆವು. ದುಡ್ಡು ಕೊಡುವ ಹೊತ್ತಿಗೆ ನಾನು ಕೊಡ್ತೀನಿ, ನೀವು ಸುಮ್ನಿರಿ ಅಂತ ನಮ್ಮಿಬ್ಬರ ನಡುವೆ ಜಗ್ಗಾಟ ಶುರುವಾಯಿತು. ಯಜಮಾನರು ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿದರು. ಆಮೇಲೆ ಹಿಂದಿನ ನಲ್ಲಿಯ ಕಡೆ ಕೈ ತೋರಿಸಿ ಅಂದರು:

"ಇಬ್ರೂ ಮೊದ್ಲು ಮುಖ ತೊಳ್ಕೊಂಡು ಬರ್ರಿ. ಇದ್ರಾಗ ಹಿರೇರು ಯಾರು ಅಂತ ನೋಡಿ ಅವ್ರ ಹತ್ರಾನೇ ತಗೋತೀನಿ."