ರೈಲಲ್ಲಿ ಜಾಗ ಇದೆ, ಬಾಗಿಲಲ್ಲಿ ಇಲ್ಲ

ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ರಾತ್ರಿ ಕ್ರಿಕೆಟ್ ಮ್ಯಾಚ್ ಮುಗಿದಾಗಲೆಲ್ಲ ಪಕ್ಕದ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ನಿನ ಮುಂದೆ ಅದೇ ಕೂಗು: "ಇನ್ನೊಂದು ನಾಲ್ಕು ರೈಲು ಬಿಡ್ರಪ್ಪ!" ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ತೊಂದರೆ ರೈಲಿನದ್ದಲ್ಲ.

ಲೆಕ್ಕ ಹಾಕಿ ನೋಡಿ. ಆರು ಬೋಗಿಯ ರೈಲಲ್ಲಿ ಒತ್ತೊತ್ತಾಗಿ ನಿಂತರೂ ಉಸಿರಾಡುವ ಹಾಗೆ 1,500 ಜನ ಹಿಡಿಯುತ್ತಾರೆ. ಇಲ್ಲಿಂದ ಹೋಗುವ ನೇರಳೆ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದು ಅಂದರೂ ಗಂಟೆಗೆ ವೈಟ್‌ಫೀಲ್ಡ್ ಕಡೆಗೆ ಆರು, ಚಲ್ಲಘಟ್ಟ ಕಡೆಗೆ ಆರು. ಗಂಟೆಗೆ 18,000 ಜನ. ಸ್ಟೇಡಿಯಂ ತುಂಬಿದರೆ ಮೂವತ್ತು ಸಾವಿರ ಚಿಲ್ಲರೆ. ಅದರಲ್ಲಿ ಅರ್ಧ ಮೆಟ್ರೋಗೆ ಬಂದರೂ ಒಂದು ಗಂಟೆಯಲ್ಲಿ ಎಲ್ಲರೂ ಹೊರಟುಬಿಡಬೇಕು. ಹೊರಡಲ್ಲ. ಯಾಕೆ?

ತಪಾಸಣೆ! ಮೆಟಲ್ ಡಿಟೆಕ್ಟರ್ ದಾಟಿ, ಕೈ ಎತ್ತಿ ನಿಂತು, ಮೈ ತಡವಿಸಿಕೊಂಡು ಹೋಗೋಕೆ ಒಬ್ಬರಿಗೆ ನಾಲ್ಕು ಸೆಕೆಂಡ್ ಅಂತಿಟ್ಟುಕೊಳ್ಳಿ. ಒಂದು ಸಾಲಿನಲ್ಲಿ ಗಂಟೆಗೆ 900 ಜನ. ನಾಲ್ಕು ಸಾಲಿಟ್ಟರೆ 3,600. ಹನ್ನೆರಡು ರೈಲು ಬಂದು ಹೋಗುವ ಹೊತ್ತಿಗೆ ಒಳಗೆ ಬಂದವರು ಎರಡೂವರೆ ರೈಲಿಗೂ ಸಾಲಲ್ಲ. ಇದರ ಮೇಲೆ ಇನ್ನೂ ನಾಲ್ಕು ರೈಲು ಬಿಟ್ಟರೆ ಯಾರನ್ನ ಹತ್ತಿಸ್ತೀರಿ? 18,000 ಜನಕ್ಕೆ ಇಪ್ಪತ್ತು ಸಾಲು ಬೇಕು. ಅಷ್ಟು ಸಾಲಿಗೆ ಜಾಗ ಇಲ್ಲ ಅಂದರೆ, ಬ್ಯಾಗ್ ಇಲ್ಲದವರಿಗೆ ಬೇರೆ ದಾರಿ ಬಿಡಿ. ಸ್ಟೇಡಿಯಂ ಒಳಗೇ ಬ್ಯಾಗ್ ಬಿಡಲ್ಲ, ವಾಪಸ್ ಬರೋರ ಕೈಯಲ್ಲಿ ಫೋನು, ಬಾವುಟ ಬಿಟ್ಟರೆ ಇನ್ನೇನಿರುತ್ತೆ?

ಆಮೇಲೆ ಟಿಕೆಟ್ ಗೇಟು. ಸಾವಿರಾರು ಜನ ಒಂದೇ ಕಡೆ ಫೋನ್ ತೆಗೆದರೆ ನೆಟ್‌ವರ್ಕ್ ಸಾಯುತ್ತೆ. ಗೇಟಿನ ಬಾಯಲ್ಲಿ ನಿಂತು ಕ್ಯೂಆರ್ ಬರಲಿ ಅಂತ ಒಬ್ಬರು ಹದಿನೈದು ಸೆಕೆಂಡ್ ಸ್ಕ್ರೀನ್ ಉಜ್ಜಿದರೆ ಹಿಂದಿನ ಐದಾರು ಜನ ನಿಂತ ಹಾಗೆ. ಕಾರ್ಡಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೂ ಅದೇ ಕತೆ. ವಾಪಸ್ ಟಿಕೆಟ್ಟನ್ನ ಮಧ್ಯಾಹ್ನವೇ, ಹೊರಟ ಸ್ಟೇಷನ್ನಲ್ಲೇ ಕೈಗೆ ಕೊಡಿ. ಪ್ರಯಾಣಿಕರೂ ಅಷ್ಟೇ, ಸಾಲಿಗೆ ಬರೋ ಮುಂಚೆ ಟಿಕೆಟ್ ತೆರೆದಿಟ್ಟುಕೊಳ್ಳಿ ದಯವಿಟ್ಟು.

ಹಾಗಂತ ಬಾಗಿಲು ಹಾರು ಹೊಡೆದು ಎಲ್ಲರನ್ನೂ ಕೆಳಗೆ ಬಿಟ್ಟರೂ ಅಪಾಯವೇ. ಕಬ್ಬನ್ ಪಾರ್ಕ್ ನೆಲದಡಿಯ ಸ್ಟೇಷನ್, ಎರಡೂ ದಿಕ್ಕಿನವರಿಗೆ ನಡುವೆ ಒಂದೇ ಪ್ಲಾಟ್‌ಫಾರಂ, ಅಂಚಿಗೆ ತಡೆಬಾಗಿಲಿಲ್ಲ. ಎಸ್ಕಲೇಟರ್ ನಿಮಿಷಕ್ಕೆ ನೂರು ಜನರನ್ನ ಕೆಳಗೆ ಸುರಿಯುತ್ತೆ, ಕೆಳಗೆ ಜಾಗ ಇದೆಯಾ ಅಂತ ಅದು ನೋಡಲ್ಲ. ಪ್ಲಾಟ್‌ಫಾರಂ ತುಂಬಿದ ತಕ್ಷಣ ಅದನ್ನ ನಿಲ್ಲಿಸಬೇಕು, ಜನರನ್ನ ಮೇಲೆಯೇ, ರಸ್ತೆಯಲ್ಲೇ, ಒಂದೊಂದು ರೈಲಿನ ಲೆಕ್ಕದಲ್ಲಿ ಕಂತುಕಂತಾಗಿ ಬಿಡಬೇಕು. ಲಂಡನ್ನಿನ ವೆಂಬ್ಲಿಯಲ್ಲಿ 90,000 ಜನರ ಸ್ಟೇಡಿಯಂ. ಅಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ 'ನಿಲ್ಲಿ', 'ಹೋಗಿ' ಫಲಕ ಹಿಡಿದು ಗುಂಪುಗುಂಪಾಗಿ ಬಿಡ್ತಾರೆ. ಫಲಕಕ್ಕೆ ಎಷ್ಟು ಕೋಟಿ ಬೇಕು ಸ್ವಾಮಿ?

2025ರ ಜೂನ್ 4ರಂದು, ಆರ್‌ಸಿಬಿ ವಿಜಯೋತ್ಸವದ ದಿನ, ಇದೇ ಸ್ಟೇಡಿಯಂ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವತ್ತು ಕಬ್ಬನ್ ಪಾರ್ಕ್, ವಿಧಾನಸೌಧ ಸ್ಟೇಷನ್ನುಗಳಲ್ಲಿ ರೈಲು ನಿಲ್ಲಿಸದೆ ಓಡಿಸಿದರು. ಬರೋ ಜನರನ್ನ ತಡೆಯೋಕೆ ಅದು ಸರಿ. ಆದರೆ ವಾಪಸ್ ಹೋಗೋ ಜನಕ್ಕೆ ಸ್ಟೇಷನ್ ಮುಚ್ಚಿದರೆ ಅಷ್ಟೂ ಜನ ಎಂ.ಜಿ. ರಸ್ತೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬೀಳ್ತಾರೆ. ಎಷ್ಟು ಜನ ಸೇರಿದರೆ ಮುಚ್ಚೋದು, ಮುಚ್ಚಿದರೆ ಯಾವ ಸ್ಟೇಷನ್ನಿಗೆ ಯಾವ ರಸ್ತೆಯಲ್ಲಿ ಕಳಿಸೋದು ಅನ್ನೋದನ್ನ ಟಾಸ್ ಹಾಕುವ ಮುಂಚೆಯೇ ಬರೆದು ಅಂಟಿಸಿ. ಜೊತೆಗೆ, ಕೊನೆಯ ನೇರಳೆ ರೈಲಿನ ಜನ ಮಾರ್ಗ ಬದಲಿಸೋಕೆ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ಟಿಲು ದಾಟುವವರೆಗೆ ಹಸಿರು ಮಾರ್ಗದ ರೈಲನ್ನ ನಿಲ್ಲಿಸಿಕೊಳ್ಳಿ.